ಕ್ವಿಜ್‌ನಲ್ಲಿ 20ಕ್ಕೆ 20, ಪ್ರಬಂಧದಲ್ಲಿ ಮಾತ್ರ ಅದೇ ತಪ್ಪು

ನನ್ನ ಹತ್ರ ಒಬ್ಬಳು ಹುಡುಗಿ ಬರ್ತಿದ್ಲು, ಏಳನೇ ಕ್ಲಾಸು. ಯಾವುದೋ ಒಂದು ಗ್ರಾಮರ್ ಸೈಟಲ್ಲಿ ದಿನಾ ಕ್ವಿಜ್ ಮಾಡೋ ಹುಚ್ಚು ಅವಳಿಗೆ, ಸರಿ ಉತ್ತರಕ್ಕೆ ನಕ್ಷತ್ರ ಹಾರಿ ಬರ್ತಿತ್ತು, ಟಣ್ ಅಂತ ಸದ್ದು ಬೇರೆ. ಇಂಗ್ಲಿಷಲ್ಲಿ ಹಿ, ಶಿ, ಇಟ್ ಬಂದ್ರೆ ಕ್ರಿಯಾಪದಕ್ಕೆ ‘ಎಸ್’ ಸೇರಿಸ್ಬೇಕು ಅನ್ನೋ ಪಾಠದಲ್ಲಿ 20ಕ್ಕೆ 20 ತಗೊಂಡಿದ್ಲು. ಅದೇ ವಾರ ಅಜ್ಜಿ ಬಗ್ಗೆ ಒಂದು ಪುಟ ಬರಿ ಅಂದೆ. ಬರ್ಕೊಂಡು ಬಂದ್ಲು, ಚೆನ್ನಾಗೇ ಇತ್ತು, ಆದ್ರೆ ಅಜ್ಜಿ ‘ವೇಕ್ ಅಪ್’, ಅಜ್ಜಿ ‘ವಾಟರ್ ದ ಪ್ಲಾಂಟ್ಸ್’, ಅಜ್ಜಿ ‘ಟೆಲ್ ಸ್ಟೋರಿ’. ಇಡೀ ಪುಟದಲ್ಲಿ ಒಂದು ಕಡೆನೂ ಎಸ್ ಇಲ್ಲ! ಕರೆದು ಎರಡನೇ ಸಾಲಿನ ಮೇಲೆ ಬೆರಳಿಟ್ಟೆ ನೋಡಿ, ನಾನು ಬಾಯಿ ತೆಗೆಯೋಕೆ ಮುಂಚೆನೇ "ಅಯ್ಯೋ ಮಿಸ್, ಎಸ್ ಬರ್ಬೇಕಲ್ವಾ" ಅಂತ ನಾಲಿಗೆ ಕಚ್ಕೊಂಡ್ಲು.

ಅಂದ್ರೆ ನಿಯಮ ಅವಳಿಗೆ ಗೊತ್ತಿತ್ತು. ಬರೆಯೋವಾಗ ಕೈಗೆ ಬರ್ಲಿಲ್ಲ.

ಮಕ್ಕಳಿಗೆ ಬರವಣಿಗೆ, ವ್ಯಾಕರಣ ಹೇಳಿಕೊಡೋಕೆ ಆನ್‌ಲೈನಲ್ಲಿ ಏನು ಸಿಗುತ್ತೆ ಅಂತ ಹುಡುಕೋಕೆ ಕೂತ್ರೆ ಮೊದಲ ಅರ್ಧ ಗಂಟೇಲೇ ತಲೆ ತಿರುಗುತ್ತೆ, ಅಷ್ಟಿದೆ. ವಿಡಿಯೋ, ವರ್ಕ್‌ಶೀಟ್, ಆಪ್, ಗೇಮ್, ತಪ್ಪು ಹಿಡಿಯೋ ಟೂಲು, ಈಗ ಎಐ ಬೇರೆ. ಯಾವುದು ಒಳ್ಳೇದು ಅಂತ ಪೇರೆಂಟ್ಸೂ ಕೇಳ್ತಾರೆ, ಹೊಸ ಟೀಚರ್‌ಗಳೂ ಕೇಳ್ತಾರೆ. ನಾನು ಪ್ರತಿಯೊಂದಕ್ಕೂ ಹಾಕೋದು ಒಂದೇ ಪ್ರಶ್ನೆ: ಇಲ್ಲಿ ಮಗು ಉತ್ತರ ಆರಿಸ್ತಿದೆಯಾ, ಇಲ್ಲಾ ವಾಕ್ಯ ಕಟ್ತಿದೆಯಾ? ಬಣ್ಣ, ಬ್ಯಾಡ್ಜು, ಲೆವೆಲ್ಲು ಎಲ್ಲಾ ಆಮೇಲೆ.

ಈ ವ್ಯತ್ಯಾಸ ಯಾಕೆ ಅಷ್ಟು ದೊಡ್ಡದು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಕ್ವಿಜ್‌ನಲ್ಲಿ ಪ್ರಶ್ನೆನೇ ಮಗುಗೆ ಎಲ್ಲಿ ನೋಡ್ಬೇಕು ಅಂತ ಹೇಳ್ಬಿಟ್ಟಿರುತ್ತೆ. ಬಿಟ್ಟ ಸ್ಥಳ ಇದೆ, ಪಕ್ಕದಲ್ಲಿ ‘ಗೋ’, ‘ಗೋಸ್’ ಅಂತ ಎರಡು ಪದ ಇದೆ, ಪಾಠದ ಹೆಸರೇ ಮೇಲ್ಗಡೆ ದಪ್ಪಕ್ಷರದಲ್ಲಿದೆ. ಗಮನ ಪೂರ್ತಿ ಆ ಒಂದು ಅಕ್ಷರದ ಮೇಲೆ. ಪ್ರಬಂಧ ಬರೆಯೋವಾಗ ಹಂಗಲ್ಲ, ಅಜ್ಜಿ ಬೆಳಿಗ್ಗೆ ಎದ್ದು ಏನ್ಮಾಡ್ತಾರೆ ಅಂತ ನೆನಪಿಸ್ಕೋಬೇಕು, ಅದಕ್ಕೆ ಪದ ಹುಡುಕ್ಬೇಕು, ಸ್ಪೆಲ್ಲಿಂಗ್ ನೋಡ್ಕೋಬೇಕು, ಮುಂದಿನ ವಾಕ್ಯ ಮರೆತುಹೋಗೋ ಮುಂಚೆ ಈ ವಾಕ್ಯ ಮುಗಿಸ್ಬೇಕು. ಇಷ್ಟರ ಮಧ್ಯೆ ಆ ಬಡಪಾಯಿ ಎಸ್ ಯಾರಿಗೆ ನೆನಪಿರುತ್ತೆ? ಅದು ತಾನಾಗೇ ಬರೋವಷ್ಟು ಅಭ್ಯಾಸ ಆಗ್ಬೇಕು, ಆ ಅಭ್ಯಾಸ ವಾಕ್ಯ ಬರೀತಾ ಬರೀತಾ ಆಗೋದೇ ಹೊರತು ಆಪ್ಷನ್ ಒತ್ತೋದ್ರಿಂದ ಅಲ್ಲ.

ಇದು ನನ್ನ ಒಬ್ಬಳ ಗೊಣಗಾಟ ಅನ್ಕೋಬೇಡಿ. ಅಮೆರಿಕದ ಇಂಗ್ಲಿಷ್ ಟೀಚರ್‌ಗಳ ಸಂಘ ಒಂದಿದೆ, ಎನ್‌ಸಿಟಿಇ ಅಂತ, 1911ರಲ್ಲಿ ಶುರುವಾಗಿದ್ದು. ಆ ಸಂಘಕ್ಕಾಗಿ ರಿಚರ್ಡ್ ಬ್ರಾಡಕ್ ಮತ್ತೆ ಇನ್ನಿಬ್ಬರು ಅಲ್ಲಿವರೆಗಿನ ಸಂಶೋಧನೆ ಎಲ್ಲಾ ಗುಡ್ಡೆ ಹಾಕಿ 1963ರಲ್ಲಿ ಒಂದು ವರದಿ ಕೊಟ್ರು. ಬರೀ ವ್ಯಾಕರಣ ಪಾಠ ಅಂತ ಮಾಡೋದ್ರಿಂದ ಬರವಣಿಗೆಗೆ ಆಗೋ ಲಾಭ ಇಲ್ಲ ಅನ್ನೋವಷ್ಟು ಕಮ್ಮಿ, ಬರೆಯೋ ಅಭ್ಯಾಸದ ಟೈಮನ್ನ ಅದು ನುಂಗಿಹಾಕೋದ್ರಿಂದ ನಷ್ಟನೂ ಆಗ್ಬಹುದು, ಅಂತ ಅದರ ಸಾರ. ಆವಾಗಿಂದ ಇದರ ಬಗ್ಗೆ ಜಗಳ ನಡೀತಾನೇ ಇದೆ.

2007ರಲ್ಲಿ ಸ್ಟೀವ್ ಗ್ರಹಾಂ, ಡೊಲೋರೆಸ್ ಪೆರಿನ್ ಅನ್ನೋ ಇಬ್ಬರು ಇನ್ನೊಂದು ದೊಡ್ಡ ಲೆಕ್ಕ ಹಾಕಿದ್ರು. ನಾಲ್ಕನೇ ಕ್ಲಾಸಿಂದ ಹನ್ನೆರಡರವರೆಗಿನ ಮಕ್ಕಳ ಮೇಲೆ ನಡೆದ ನೂರಕ್ಕೂ ಜಾಸ್ತಿ ಅಧ್ಯಯನ ಒಟ್ಟು ಮಾಡಿ, ಯಾವ ವಿಧಾನದಿಂದ ಬರವಣಿಗೆ ಎಷ್ಟು ಸುಧಾರಿಸ್ತು ಅಂತ ಒಂದೊಂದಕ್ಕೂ ಒಂದು ನಂಬರ್ ಕೊಟ್ರು. ಸೊನ್ನೆ ಅಂದ್ರೆ ವ್ಯತ್ಯಾಸ ಇಲ್ಲ, 0.2 ಸಣ್ಣದು, 0.5 ಮಧ್ಯಮ, 0.8 ದಾಟಿದ್ರೆ ಜೋರು ಅಂತ ಇಟ್ಕೊಳ್ಳಿ. ಹೇಗೆ ಯೋಚನೆ ಮಾಡ್ಬೇಕು, ಹೇಗೆ ತಿದ್ಬೇಕು ಅಂತ ಹಂತ ಹಂತವಾಗಿ ಕಲಿಸಿದ್ದಕ್ಕೆ 0.82. ಜೊತೆಯಾಗಿ ಬರೆಸಿದ್ದಕ್ಕೆ 0.75. ಚಿಕ್ಕ ಚಿಕ್ಕ ವಾಕ್ಯಗಳನ್ನ ಸೇರಿಸಿ ದೊಡ್ಡ ವಾಕ್ಯ ಮಾಡಿಸಿದ್ದಕ್ಕೆ 0.50. ವ್ಯಾಕರಣ ಪಾಠಕ್ಕೆ? ಮೈನಸ್ 0.32.

ಮೈನಸ್ ಅಂದ ತಕ್ಷಣ ವ್ಯಾಕರಣ ಓದಿದ್ರೆ ಮಕ್ಕಳು ಇದ್ದ ಬುದ್ಧಿನೂ ಕಳ್ಕೋತಾರೆ ಅಂತಲ್ಲ. ಆ ಅಧ್ಯಯನಗಳಲ್ಲಿ ತುಂಬಾ ಕಡೆ ಒಂದು ಗುಂಪು ವ್ಯಾಕರಣ ಮಾಡ್ತಿದ್ರೆ ಇನ್ನೊಂದು ಗುಂಪು ಬೇರೆ ಏನೋ ಮಾಡ್ತಿತ್ತು, ಆ ಬೇರೆ ಏನೋ ಮಾಡಿದ ಗುಂಪು ಮುಂದೆ ಹೋಯ್ತು, ಇವರು ಹಿಂದೆ ಉಳಿದ್ರು, ಅಷ್ಟೇ ಅದರ ಅರ್ಥ. ಟೈಮ್ ಎಲ್ಲಿ ಖರ್ಚಾಯ್ತು ಅನ್ನೋ ಲೆಕ್ಕ ಅದು.

ಈ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟ ಆಗೋದು ವಾಕ್ಯ ಸೇರಿಸೋ ಅಭ್ಯಾಸ. 1969ರಲ್ಲಿ ಜಾನ್ ಮೆಲ್ಲನ್, 1973ರಲ್ಲಿ ಫ್ರಾಂಕ್ ಓಹೇರ್ ಅನ್ನೋರು ಇದನ್ನ ಮಕ್ಕಳ ಮೇಲೆ ಮಾಡಿ ನೋಡಿದ್ರು. ಓಹೇರ್ ಮಾಡಿದ್ದರಲ್ಲಿ ವಿಶೇಷ ಏನಪ್ಪಾ ಅಂದ್ರೆ ವ್ಯಾಕರಣದ ಪಾರಿಭಾಷಿಕ ಪದಗಳ ಗೊಡವೆಗೇ ಹೋಗ್ಲಿಲ್ಲ, ಆದ್ರೂ ಮಕ್ಕಳ ವಾಕ್ಯಗಳು ಬಲಿತ್ವು. ಕೇಳೋಕೆ ಏನೋ ದೊಡ್ಡ ವಿದ್ಯೆ ಅನ್ಸುತ್ತೆ, ಮಾಡಿ ತೋರಿಸ್ತೀನಿ ನೋಡಿ. ಬೋರ್ಡ್ ಮೇಲೆ ನಾಲ್ಕು ವಾಕ್ಯ ಬರೀರಿ.

ಬೆಕ್ಕು ಮಹಡಿ ಹತ್ತಿತು. ಬೆಕ್ಕು ಕಪ್ಪಗಿತ್ತು. ಕೆಳಗೆ ನಾಯಿ ನಿಂತಿತ್ತು. ನಾಯಿ ಬೊಗಳುತ್ತಿತ್ತು.

ನಾಲ್ಕನ್ನೂ ಸೇರಿಸಿ ಒಂದೇ ವಾಕ್ಯ ಮಾಡಿ, ಯಾವ ವಿಷಯನೂ ಬಿಡೋಹಾಗಿಲ್ಲ ಅಂತ ಹೇಳಿ ಸುಮ್ನೆ ನಿಂತ್ಕೊಳ್ಳಿ. ಒಬ್ಬ ಬರೀತಾನೆ, "ಕೆಳಗೆ ನಾಯಿ ಬೊಗಳುತ್ತಾ ನಿಂತಿದ್ದರಿಂದ ಕಪ್ಪು ಬೆಕ್ಕು ಮಹಡಿ ಹತ್ತಿತು." ಇನ್ನೊಬ್ಬಳು, "ಕಪ್ಪು ಬೆಕ್ಕು ಮಹಡಿ ಹತ್ತಿದರೂ ಕೆಳಗೆ ನಾಯಿ ಬೊಗಳುತ್ತಲೇ ನಿಂತಿತ್ತು." ಮೂರನೆಯವನು, "ಕೆಳಗೆ ನಿಂತು ಬೊಗಳುತ್ತಿದ್ದ ನಾಯಿಯನ್ನು ಅಲ್ಲೇ ಬಿಟ್ಟು ಕಪ್ಪು ಬೆಕ್ಕು ಮಹಡಿ ಹತ್ತಿತು." ಮೂರೂ ಸರಿ. ಈಗ ಕೇಳಿ, ಮೂರೂ ಒಂದೇನಾ? ಒಂದು ಸಲ ಇದನ್ನೇ ಕೇಳಿದಾಗ ಹಿಂದಿನ ಬೆಂಚಿನ ಹುಡುಗ ಒಬ್ಬ "ಮೂರನೇದ್ರಲ್ಲಿ ಬೆಕ್ಕಿಗೆ ಪೊಗರು ಜಾಸ್ತಿ ಮಿಸ್" ಅಂದ. ಕರೆಕ್ಟು! ಮೊದಲನೇದ್ರಲ್ಲಿ ಬೆಕ್ಕಿಗೆ ಹೆದರಿಕೆ, ಎರಡನೇದ್ರಲ್ಲಿ ಕತೆ ನಾಯಿದು, ಅದು ಹಠ ಬಿಡ್ತಾ ಇಲ್ಲ. ‘ಇದ್ದರಿಂದ’, ‘ಹತ್ತಿದರೂ’, ‘ಬಿಟ್ಟು’, ಇವು ಮೂರು ಮಾಡ್ತಿರೋ ಕೆಲಸ ಅದು. ಬೊಗಳುತ್ತಾ, ಬಿಟ್ಟು ಇವೆಲ್ಲ ಕೃದಂತಾವ್ಯಯ ಅಂತ ಇದಾದ್ಮೇಲೆ ಹೇಳಿದ್ರೆ ಆ ಹೆಸರು ತಲೇಲಿ ನಿಲ್ಲುತ್ತೆ, ಯಾಕಂದ್ರೆ ಅದಕ್ಕೆ ನೇತಾಕೋಕೆ ಒಂದು ಬೆಕ್ಕು ಸಿಕ್ಕಿದೆ. ಕೃದಂತಾವ್ಯಯ ಎಂದರೇನು, ಉದಾಹರಣೆ ಸಹಿತ ವಿವರಿಸಿ, ಅಂತ ಶುರು ಮಾಡಿದ್ರೆ ಯಾವ ಬೆಕ್ಕೂ ಸಿಗಲ್ಲ.

ಇಂಗ್ಲಿಷ್‌ಗೆ ಇದನ್ನೇ ಆನ್‌ಲೈನಲ್ಲಿ ಮಾಡಿಸೋ ಜಾಗ ಕ್ವಿಲ್. ಲಾಭಕ್ಕಲ್ಲದ ಸಂಸ್ಥೆ, ಮಕ್ಕಳ ಅಭ್ಯಾಸಗಳೆಲ್ಲ ಫ್ರೀ. ಅದರಲ್ಲಿ ಕ್ವಿಲ್ ಕನೆಕ್ಟ್ ಅಂತ ಒಂದು ಭಾಗ ಇದೆ, ಎರಡು ಮೂರು ಪುಟ್ಟ ವಾಕ್ಯ ಕೊಟ್ಟು ಸೇರಿಸು ಅನ್ನುತ್ತೆ, ಆಪ್ಷನ್ ಇರಲ್ಲ, ಮಗು ಟೈಪ್ ಮಾಡ್ಲೇಬೇಕು, ತಪ್ಪಿದ್ರೆ ಒಂದು ಸುಳಿವು ಕೊಟ್ಟು ಮತ್ತೆ ಬರಿ ಅನ್ನುತ್ತೆ. ಪ್ರೂಫ್‌ರೀಡರ್ ಅಂತ ಇನ್ನೊಂದು ಭಾಗ ಇದೆ, ಅದರಲ್ಲಿ ಒಂದು ಪ್ಯಾರಾ ಕೊಟ್ಟು ತಪ್ಪು ಹುಡುಕಿ ತಿದ್ದು ಅಂತಾರೆ, ತಪ್ಪು ಎಲ್ಲಿದೆ ಅಂತ ಗೆರೆ ಎಳೆದು ತೋರಿಸಿರಲ್ಲ, ಅದೇ ಅದರ ಬೆಲೆ. ನನ್ನ ಪ್ರಶ್ನೆಗೆ ನೇರ ಉತ್ತರ ಕೊಡೋ ಸೈಟು ಇದು.

ನೋರೆಡ್‌ಇಂಕ್ ಕೂಡ ತುಂಬಾ ಜನ ಬಳಸ್ತಾರೆ, ಜೆಫ್ ಷೋಯರ್ ಅನ್ನೋ ಇಂಗ್ಲಿಷ್ ಮೇಷ್ಟ್ರು 2012ರಲ್ಲಿ ಶುರು ಮಾಡಿದ್ದು, ಕೆಂಪಿಂಕಿನಲ್ಲಿ ಅದದೇ ತಪ್ಪು ತಿದ್ದಿ ಸಾಕಾದೋರು ಅನ್ನೋದು ಹೆಸರಲ್ಲೇ ಕಾಣುತ್ತೆ. ಶುರುವಲ್ಲಿ ಮಗುಗೆ ಏನಿಷ್ಟ, ಯಾವ ಆಟ, ಯಾವ ಶೋ ಅಂತ ಕೇಳ್ಕೊಂಡು ಆಮೇಲೆ ಬರೋ ವಾಕ್ಯಗಳನ್ನ ಅದರಿಂದಲೇ ಮಾಡುತ್ತೆ, ಮಕ್ಕಳಿಗೆ ಅದು ಖುಷಿ. ಖಾನ್ ಅಕಾಡೆಮಿಯ ಗ್ರಾಮರ್ ಕೋರ್ಸಿನ ವಿಡಿಯೋ ಚಿಕ್ಕದಾಗಿ ಚೊಕ್ಕವಾಗಿದೆ, ದುಡ್ಡಿಲ್ಲ, ಆದ್ರೆ ಅಭ್ಯಾಸ ಬಹುಪಾಲು ಆರಿಸೋ ಜಾತಿದು. ಹಂಗಂತ ಬೇಡ ಅಂತಲ್ಲ. ಹೊಸ ವಿಷಯ ಮೊದಲ ಸಲ ಪರಿಚಯ ಮಾಡೋಕೆ, ಜ್ವರ ಬಂದು ಕ್ಲಾಸ್ ತಪ್ಪಿಸ್ಕೊಂಡೋರಿಗೆ, ಒಂದು ಹತ್ತು ನಿಮಿಷ ನೋಡ್ಕೊಂಡು ಬಾ ಅನ್ನೋಕೆ ಬಲು ಉಪಯೋಗ. ಅಲ್ಲಿಗೇ ನಿಲ್ಲಿಸ್ಬಾರದು. ವಿಡಿಯೋ ನೋಡಿ ಬಂದ ಮಗು ಅದೇ ದಿನ ಆ ವಿಷಯ ಇಟ್ಕೊಂಡು ಸ್ವಂತ ಐದು ವಾಕ್ಯ ಬರೀಬೇಕು, ಅದೂ ತನ್ನ ಬಗ್ಗೆ, ಇದು ನನ್ನ ಕ್ಲಾಸಿನ ಕಾನೂನು.

ಇನ್ನು ಟೀಚರ್‌ಗಳಿಗೇ ಅನುಮಾನ ಬಂದಾಗ ತೆಗೆದು ನೋಡೋಕೆ ಒಂದಷ್ಟು ಜಾಗ ಬೇಕಲ್ಲ. ಪರ್ಡ್ಯೂ ಯೂನಿವರ್ಸಿಟಿಯ ಆನ್‌ಲೈನ್ ರೈಟಿಂಗ್ ಲ್ಯಾಬು, ಎಲ್ಲರೂ ಔಲ್ ಅಂತಾರೆ, 1994ರಿಂದ ಇದೆ, ಕಾಮಾ ಎಲ್ಲಿ ಹಾಕ್ಬೇಕು ಅನ್ನೋದ್ರಿಂದ ಹಿಡಿದು ಯಾವ ಪುಸ್ತಕದಿಂದ ತಗೊಂಡ್ವಿ ಅನ್ನೋ ಆಧಾರ ಹೇಗೆ ಬರೀಬೇಕು ಅನ್ನೋವರೆಗೆ ಎಲ್ಲಾ ಸಿಗುತ್ತೆ. ಮೂಲತಃ ಕಾಲೇಜಿನೋರಿಗೆ ಮಾಡಿದ್ದು, ಹೈಸ್ಕೂಲಿಗೆ ಅಂತ ಒಂದು ಭಾಗ ಬೇರೆ ಇದೆ, ಆದ್ರೂ ಆರನೇ ಕ್ಲಾಸಿನ ಮಗು ಮುಂದೆ ನೇರ ಅದನ್ನೇ ಇಟ್ರೆ ಆಕಳಿಸುತ್ತೆ, ನೀವು ಓದಿ ಅರ್ಥ ಮಾಡ್ಕೊಂಡು ನಿಮ್ಮ ಮಾತಲ್ಲಿ ಹೇಳ್ಬೇಕು.

ಲಂಡನ್ನಿನ ಯುಸಿಎಲ್ ಯೂನಿವರ್ಸಿಟಿಯೋರು ಎಂಗ್ಲಿಶಿಯಸ್ ಅಂತ ಒಂದು ಫ್ರೀ ಸೈಟ್ ಮಾಡಿದ್ದಾರೆ, ಇಂಗ್ಲೆಂಡಿನ ಪಠ್ಯಕ್ರಮಕ್ಕೆ ಹೊಂದೋಹಾಗೆ. ಅಲ್ಲಿ 2013ರಿಂದ ಪ್ರೈಮರಿ ಮುಗಿಸೋ ಮಕ್ಕಳಿಗೆ ವ್ಯಾಕರಣದ್ದೇ ಬೇರೆ ಪರೀಕ್ಷೆ ಇದೆ, ಆ ಒತ್ತಡಕ್ಕೆ ಟೀಚರ್‌ಗಳಿಗೆ ಇಂಥದ್ದು ಬೇಕೇ ಬೇಕಾಗಿತ್ತು. ಸೈಟ್ ಚೆನ್ನಾಗಿದೆ, ವಿವರಣೆ ಗಟ್ಟಿ, ಪದಕೋಶ ಚೆನ್ನಾಗಿದೆ. ಆದ್ರೆ ನನಗೆ ಗೌರವ ಬಂದಿದ್ದು ಬೇರೆ ಕಾರಣಕ್ಕೆ. ಅದನ್ನ ಕಟ್ಟಿದೋರೂ ಸೇರ್ಕೊಂಡು ಆರೇಳು ವರ್ಷದ ಮಕ್ಕಳ ಮೇಲೆ ಅದನ್ನ ಪರೀಕ್ಷೆ ಮಾಡಿದ್ರು, ಫಲಿತಾಂಶ 2022ರಲ್ಲಿ ಬಂತು, ಮಕ್ಕಳ ಕತೆ ಬರೆಯೋ ಶಕ್ತಿಯಲ್ಲಿ ಸುಧಾರಣೆ ಕಾಣ್ಲಿಲ್ಲ ಅಂತ ಅವರೇ ಪ್ರಕಟ ಮಾಡಿದ್ರು. ತಮ್ಮ ಸರಕಿನ ಬಗ್ಗೆ ಹೀಗೆ ಹೇಳ್ಕೊಳ್ಳೋರು ಎಷ್ಟು ಜನ ಇದ್ದಾರೆ ಹೇಳಿ!

ಹಂಗಾದ್ರೆ ವ್ಯಾಕರಣನ ಬಿಟ್ಟೇಬಿಡೋದಾ ಅಂದ್ರೆ, ಇಲ್ಲ. ಇಂಗ್ಲೆಂಡಿನಲ್ಲೇ ಎಕ್ಸಿಟರ್ ಯೂನಿವರ್ಸಿಟಿಯ ಡೆಬ್ರಾ ಮೈಹಿಲ್ ಮತ್ತೆ ಜೊತೆಗಾರರು 2012ರಲ್ಲಿ ತೋರಿಸಿದ್ದು ಇದರ ಇನ್ನೊಂದು ಮುಖ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ವ್ಯಾಕರಣನ ಬೇರೆ ಪೀರಿಯಡ್ ಮಾಡದೆ ಬರವಣಿಗೆ ಪಾಠದ ಒಳಗೇ ಕೂರಿಸಿದ್ರು. ಈ ಲೇಖಕ ಇಲ್ಲಿ ಯಾಕೆ ಇಷ್ಟು ಗಿಡ್ಡ ವಾಕ್ಯ ಇಟ್ಟ, ಅದರಿಂದ ಓದೋರಿಗೆ ಏನಾಗುತ್ತೆ, ನೀನು ನಿನ್ನ ಕತೆಯಲ್ಲಿ ಎಲ್ಲಿ ಹಂಗೆ ಮಾಡ್ತೀಯ, ಈ ತರದ ಮಾತುಕತೆ. ಆ ಮಕ್ಕಳ ಬರವಣಿಗೆ ಸುಧಾರಿಸ್ತು, ಮೊದಲೇ ಚೆನ್ನಾಗಿ ಬರೀತಿದ್ದೋರಿಗೆ ಲಾಭ ಇನ್ನೂ ಜಾಸ್ತಿ ಆಯ್ತು. ಅವರ ಪಾಠದ ಸಾಮಗ್ರಿ ಯೂನಿವರ್ಸಿಟಿ ಸೈಟಲ್ಲೇ ಇದೆ, ಇಳಿಸ್ಕೊಂಡು ನೋಡಿ. ಬೆಕ್ಕಿನ ಪೊಗರು ಕಂಡುಹಿಡಿದ ಹುಡುಗ ಮಾಡಿದ್ದೂ ಇದನ್ನೇ ತಾನೇ.

ಈಗ ತಪ್ಪು ಹಿಡಿಯೋ ಟೂಲುಗಳ ವಿಷಯ, ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿನೇ ಹೇಳೋದಿದೆ. 2009ರಲ್ಲಿ ಬಂದ ಗ್ರಾಮರ್ಲಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಹಳೇದು ಲಾಂಗ್ವೇಜ್‌ಟೂಲ್, ಡೇನಿಯಲ್ ನೇಬರ್ ಅನ್ನೋ ಜರ್ಮನ್ ಹುಡುಗ ಓದೋವಾಗ ಪ್ರಾಜೆಕ್ಟ್ ಅಂತ 2003ರಲ್ಲಿ ಮಾಡಿದ್ದು, ಓಪನ್ ಸೋರ್ಸು. ಇವು ಕೆಲಸ ಮಾಡೋ ರೀತಿ ಎರಡು. ಒಂದು, ಮನುಷ್ಯರು ಕೂತು ಬರೆದಿಟ್ಟ ನಿಯಮ: ಈ ಪದ ಆದ್ಮೇಲೆ ಆ ತರದ ಪದ ಬಂದ್ರೆ ಗೆರೆ ಎಳಿ, ಅಂತ ಸಾವಿರಾರು. ಇನ್ನೊಂದು, ಕೋಟಿಗಟ್ಟಲೆ ವಾಕ್ಯ ತಿನ್ನಿಸಿ ತರಬೇತಿ ಕೊಟ್ಟ ಮಾಡೆಲ್, ಅದು ಇಲ್ಲಿ ಸಾಮಾನ್ಯವಾಗಿ ಏನು ಬರುತ್ತೆ ಅಂತ ಊಹೆ ಮಾಡುತ್ತೆ. ಎರಡಕ್ಕೂ ಮಗು ಏನು ಹೇಳೋಕೆ ಹೊರಟಿದೆ ಅನ್ನೋದು ಗೊತ್ತಿರಲ್ಲ. ಒಂದು ವಾಕ್ಯ ನೋಡಿ:

ರಾಜು ಸೋಮನಿಗೆ ಅವನ ಪುಸ್ತಕ ಕಳೆದುಹೋಗಿದೆ ಎಂದು ಹೇಳಿದ.

ಕಳೆದಿದ್ದು ಯಾರ ಪುಸ್ತಕ? ರಾಜುದಾ, ಸೋಮಂದಾ, ಇಲ್ಲಾ ಮೂರನೆಯವನದಾ? ವ್ಯಾಕರಣದ ಪ್ರಕಾರ ಏನೂ ತಪ್ಪಿಲ್ಲ, ಕಾಗುಣಿತ ಸರಿಯಿದೆ, ಯಾವ ಟೂಲೂ ಕೆಂಪು ಗೆರೆ ಎಳೆಯೋಕೆ ಕಾರಣನೇ ಇಲ್ಲ. ಓದೋರು ಮಾತ್ರ ಅಲ್ಲೇ ಎಡವಿ ಬೀಳ್ತಾರೆ. ಮಕ್ಕಳ ಬರವಣಿಗೆಯಲ್ಲಿ ನಿಜವಾದ ತೊಂದ್ರೆ ಇರೋದು ಇಂಥ ಕಡೆ, ಅವನು, ಅದು, ಹಂಗಾಯ್ತು ಅಂತ ಬರೀತಾ ಹೋಗ್ತಾರೆ, ಅವರ ತಲೇಲಿ ಸಿನಿಮಾ ಓಡ್ತಿರುತ್ತೆ, ನಮಗೆ ಪರದೆನೇ ಕಾಣಲ್ಲ. ಇದನ್ನ ಹಿಡಿಯೋಕೆ ಇನ್ನೊಬ್ಬ ಓದುಗ ಬೇಕು, ಪಕ್ಕದ ಬೆಂಚಿನ ಗೆಳತಿ ಆದ್ರೂ ಸಾಕು, "ಯಾರೇ ಅವನು?" ಅಂತ ಕೇಳೋಕೆ.

ಇನ್ನೊಂದು ತೊಂದ್ರೆ ಆ ‘ಅಕ್ಸೆಪ್ಟ್’ ಬಟನ್ನು. ಗೆರೆ ಬಂತು, ಒತ್ತಿದ್ರು, ಹೋಯ್ತು. ಏನು ತಪ್ಪಾಗಿತ್ತು ಅಂತ ಓದ್ದೇನೇ ಒತ್ತೋದು. ಬರಹ ಕ್ಲೀನ್ ಆಗುತ್ತೆ, ಬರೆದೋರು ಇದ್ದಲ್ಲೇ ಇರ್ತಾರೆ. ನಾನು ಮಕ್ಕಳಿಗೆ ಹೇಳೋದು ಇಷ್ಟು: ಟೂಲ್ ಆಫ್ ಮಾಡಿ ಪೂರ್ತಿ ಬರೀರಿ, ಆಮೇಲೆ ಆನ್ ಮಾಡಿ, ಬಂದ ಗೆರೆಗಳಲ್ಲಿ ಮೂರನ್ನ ಮಾತ್ರ ಆರಿಸ್ಕೊಂಡು ಯಾಕೆ ಬಂತು ಅಂತ ನೋಟ್‌ಬುಕ್ಕಲ್ಲಿ ಒಂದೊಂದು ಸಾಲು ಬರೀರಿ, ಟೂಲೇ ತಪ್ಪು ಅನ್ಸಿದ್ರೆ ಅದನ್ನೂ ಬರೀರಿ. ಟೂಲನ್ನ ತಪ್ಪು ಅಂತ ಸಾಬೀತು ಮಾಡೋದ್ರಲ್ಲಿ ಮಕ್ಕಳಿಗೆ ಸಿಗೋ ಖುಷಿ ಇದೆಯಲ್ಲ, ಅದಕ್ಕೋಸ್ಕರನೇ ವ್ಯಾಕರಣ ಪುಸ್ತಕ ತೆಗೀತಾರೆ.

ಈ ದೃಷ್ಟಿಯಿಂದ ಕೇಂಬ್ರಿಡ್ಜ್‌ನೋರ ರೈಟ್ ಅಂಡ್ ಇಂಪ್ರೂವ್ ನನಗೆ ಹಿಡಿಸುತ್ತೆ. ಇಂಗ್ಲಿಷ್ ಎರಡನೇ ಭಾಷೆಯಾಗಿ ಕಲಿಯೋರಿಗೆ ಮಾಡಿದ್ದು. ವಿಷಯ ಆರಿಸ್ಕೊಂಡು ಬರೆದು ಕಳಿಸಿದ್ರೆ ಒಂದೆರಡು ನಿಮಿಷದೊಳಗೆ ಎ1 (ತೀರಾ ಶುರು) ಇಂದ ಸಿ2 (ಪೂರ್ತಿ ಹಿಡಿತ) ರೊಳಗೆ ಯಾವ ಮಟ್ಟ ಅಂತ ಹೇಳುತ್ತೆ, ವಾಕ್ಯಗಳಿಗೆ ಬಣ್ಣ ಹಚ್ಚುತ್ತೆ, ಬಣ್ಣ ಗಾಢ ಇದ್ದಷ್ಟೂ ಅಲ್ಲಿ ಕೆಲಸ ಜಾಸ್ತಿ. ಎಲ್ಲಾ ಕಡೆ ಇದೇ ಉತ್ತರ ಅಂತ ಬಾಯಿಗಿಡಲ್ಲ, ತಿದ್ದೋದು ನಾವೇ, ತಿದ್ದಿ ಮತ್ತೆ ಕಳಿಸ್ಬಹುದು. ಎರಡನೇ ಸಲ ಬರೀ ಅಂದ್ರೆ ಮುಖ ಗಂಟು ಹಾಕೋ ಮಕ್ಕಳು ಇಲ್ಲಿ ಮೂರ್ನಾಲ್ಕು ಸಲ ತಿದ್ದಿದ್ದನ್ನ ನೋಡಿದ್ದೀನಿ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಟೀನ್ಸ್‌ನಲ್ಲೂ ಮಟ್ಟಕ್ಕೆ ತಕ್ಕ ಹಾಗೆ ಬರವಣಿಗೆ ಮಾದರಿಗಳಿವೆ, ಇಮೇಲು, ವಿಮರ್ಶೆ, ಅಭಿಪ್ರಾಯ ಅಂತ, ಜೊತೆಗೆ ಟಿಪ್ಸು.

ಎಲ್ಲದಕ್ಕಿಂತ ಸಸ್ತಾ ಟೂಲ್ ಯಾವುದು ಅಂದ್ರೆ ಫೋನು ಕಂಪ್ಯೂಟರ್‌ಗಳಲ್ಲಿ ಇರೋ ಓದಿ ಹೇಳೋ ಸೌಲಭ್ಯ. ಮಗು ತಾನು ಬರೆದಿದ್ದನ್ನ ತಾನೇ ಓದೋವಾಗ ಬಿಟ್ಟುಹೋದ ಪದನೂ ಸೇರಿಸ್ಕೊಂಡೇ ಓದಿಬಿಡುತ್ತೆ, ಯಾಕಂದ್ರೆ ಅದು ತಲೇಲಿರುತ್ತೆ. ಮಷೀನಿಗೆ ಆ ದಾಕ್ಷಿಣ್ಯ ಇಲ್ಲ, ಇದ್ದದ್ದನ್ನ ಇದ್ದ ಹಾಗೆ ಓದುತ್ತೆ, ಫುಲ್‌ಸ್ಟಾಪ್ ಇಲ್ಲದ ಆರು ಸಾಲನ್ನ ಉಸಿರೇ ಬಿಡದೆ ಓದಿದಾಗ ಇಡೀ ಕ್ಲಾಸು ನಗುತ್ತೆ, ಬರೆದೋನೂ ನಗ್ತಾನೆ, ನಕ್ಕೊಂಡೇ ಹೋಗಿ ಫುಲ್‌ಸ್ಟಾಪ್ ಹಾಕ್ತಾನೆ.

ಹಂತ ಹಂತವಾಗಿ ಕಲಿಸೋದಕ್ಕೆ 0.82 ಅಂದ್ನಲ್ಲ, ಅದರ ಬಗ್ಗೆ ಟೀಚರ್‌ಗಳು ಕಲೀಬೇಕಂದ್ರೆ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಐರಿಸ್ ಸೆಂಟರ್ ಸೈಟಲ್ಲಿ ಫ್ರೀ ಪಾಠ ಇದೆ, ಎಸ್‌ಆರ್‌ಎಸ್‌ಡಿ (ಸೆಲ್ಫ್-ರೆಗ್ಯುಲೇಟೆಡ್ ಸ್ಟ್ರಾಟಜಿ ಡೆವಲಪ್‌ಮೆಂಟ್) ಅನ್ನೋ ವಿಧಾನದ್ದು. ಕ್ಯಾರೆನ್ ಹ್ಯಾರಿಸ್ ಅನ್ನೋರು ಶುರು ಮಾಡಿ ಸ್ಟೀವ್ ಗ್ರಹಾಂ ಜೊತೆ ಬೆಳೆಸಿದ್ದು. ಹೆಸರು ಭಾರಿ ಇದೆ, ವಿಷಯ ಸರಳ. ಅಭಿಪ್ರಾಯದ ಪ್ರಬಂಧಕ್ಕೆ ‘ಟ್ರೀ’ ಅಂತ ಒಂದು ಸೂತ್ರ: ಮೊದಲು ನಿನ್ನ ನಿಲುವು ಹೇಳು, ಕಾರಣ ಕೊಡು, ಒಂದೊಂದು ಕಾರಣನೂ ಬಿಡಿಸು, ಮುಗಿಸು. ಸೂತ್ರ ಯಾರು ಬೇಕಾದ್ರೂ ಕೊಡ್ತಾರೆ, ಇಲ್ಲಿನ ಗುಟ್ಟು ಟೀಚರ್ ಮಕ್ಕಳೆದುರು ತಾವೇ ಬರೆದು ತೋರಿಸೋದು, ಗಟ್ಟಿಯಾಗಿ ಯೋಚನೆ ಮಾಡ್ತಾ. "ಈ ಕಾರಣ ವೀಕ್ ಅನ್ಸುತ್ತೆ, ತೆಗೀತೀನಿ... ಇಲ್ಲಿ ಏನು ಬರೀಲಿ, ಹೊಳೀತಿಲ್ಲ, ಇರ್ಲಿ ಮುಂದೆ ಹೋಗಿ ವಾಪಸ್ ಬರ್ತೀನಿ." ಟೀಚರ್‌ಗೂ ಹೊಳೆಯಲ್ಲ ಅಂತ ಗೊತ್ತಾಗೋದೇ ಮಕ್ಕಳಿಗೆ ಅರ್ಧ ಧೈರ್ಯ.

ಎಐ ಬಗ್ಗೆ ಕೇಳದೇ ಯಾರೂ ಬಿಡಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್ 30ಕ್ಕೆ ಬಂದಾಗಿಂದ ಮನೆಗೆ ಕೊಟ್ಟ ಪ್ರಬಂಧ ಅನ್ನೋದಕ್ಕೆ ಅರ್ಥನೇ ಹೋಗಿದೆ. ಅದಕ್ಕೆ ನಾನು ಮೊದಲ ಡ್ರಾಫ್ಟನ್ನ ಕ್ಲಾಸಲ್ಲೇ ಕೈಯಲ್ಲಿ ಬರೆಸ್ತೀನಿ. ಆದ್ರೆ ಟೀಚರ್ ಕೈಗೆ ಅದು ಒಳ್ಳೇ ಆಳು. "ಈ ಐದು ತಪ್ಪು ಇರೋಹಾಗೆ ಒಂದು ಪ್ಯಾರಾ ಮಾಡಿಕೊಡು" ಅಂದ್ರೆ ನಿಮಿಷದಲ್ಲಿ ಕೊಡುತ್ತೆ, ಮಕ್ಕಳು ತಿದ್ತಾರೆ. ಆದ್ರೆ ಕೊಟ್ಟಿದ್ದನ್ನ ನೀವು ಒಂದು ಸಲ ಓದಲೇಬೇಕು, ಐದು ತಪ್ಪು ಕೇಳಿದ್ರೆ ನಾಲ್ಕು ಹಾಕಿರುತ್ತೆ, ಇಲ್ಲಾ ಏಳು. ದೊಡ್ಡ ಮಕ್ಕಳು ಬಳಸೋದಾದ್ರೆ "ತಿದ್ದಿಕೊಡ್ಬೇಡ, ನಿನಗೆ ಎಲ್ಲಿ ಅರ್ಥ ಆಗ್ಲಿಲ್ಲ ಅಂತ ಮೂರು ಪ್ರಶ್ನೆ ಮಾತ್ರ ಕೇಳು" ಅಂತ ಕೇಳೋದನ್ನ ಕಲಿಸಿ. ಚಾಟ್‌ಜಿಪಿಟಿ ನಿಯಮದ ಪ್ರಕಾರ 13 ತುಂಬದ ಮಕ್ಕಳು ಬಳಸೋಹಾಗಿಲ್ಲ, 18ರೊಳಗಿನೋರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಮಕ್ಕಳ ಬರಹ ಯಾವ ಸೈಟಿಗೆ ಹಾಕಿದ್ರೂ ಹೆಸರು, ಸ್ಕೂಲು ತೆಗೆದು ಹಾಕಿ.

ಇದೆಲ್ಲಾ ಇಂಗ್ಲಿಷ್ ಆಯ್ತು, ಕನ್ನಡಕ್ಕೆ ಏನಿದೆ ಅಂತ ಕೇಳ್ತೀರ. ಓದೋಕೆ, ನೋಡೋಕೆ ಇದೆ, ಬರೆಸಿ ತಿದ್ದೋ ಇಂಥ ಸೈಟುಗಳ ವಿಷಯದಲ್ಲಿ ನಾವು ಹಿಂದೆ. ಅದಕ್ಕೆ ಭಾಷೆಯ ಸ್ವಭಾವನೂ ಒಂದು ಕಾರಣ. ಇಂಗ್ಲಿಷಲ್ಲಿ ಮರ ಅನ್ನೋದಕ್ಕೆ ‘ಟ್ರೀ’, ‘ಟ್ರೀಸ್’, ಹೆಚ್ಚೂಕಮ್ಮಿ ಅಲ್ಲಿಗೆ ಮುಗೀತು. ಕನ್ನಡದಲ್ಲಿ ಮರ, ಮರವನ್ನು, ಮರದಿಂದ, ಮರಗಳಲ್ಲಿ, ಮರಗಳಲ್ಲೂ, ಮರದ್ದೇ, ಮರಗಳಲ್ಲಿರುವವುಗಳನ್ನೂ... ಒಂದೇ ನಾಮಪದದಿಂದ ನೂರಾರು ರೂಪ, ಸಂಧಿಯಾಗಿ ಪದಗಳು ಒಂದಕ್ಕೊಂದು ಅಂಟ್ಕೊಳ್ಳೋದು ಬೇರೆ. ಪದಪಟ್ಟಿ ಇಟ್ಕೊಂಡು ಸ್ಪೆಲ್ ಚೆಕ್ ಮಾಡೋ ಟೂಲಿಗೆ ಇದೆಲ್ಲ ಪಟ್ಟಿಯಲ್ಲಿ ಇರೋಕೆ ಸಾಧ್ಯನೇ ಇಲ್ಲ, ಸರಿ ಇದ್ದ ಪದಕ್ಕೂ ಕೆಂಪು ಗೆರೆ ಬೀಳುತ್ತೆ, ಮಗು ಸರಿ ಇದ್ದಿದ್ದನ್ನ ತಪ್ಪು ಮಾಡುತ್ತೆ. ಹಾಗಾಗಿ ಕನ್ನಡ ಕ್ಲಾಸಿಗೆ ನಾನು ಇಂಗ್ಲಿಷ್ ಸೈಟಿಂದ ತಗೊಳ್ಳೋದು ವಿಧಾನ ಮಾತ್ರ, ವಾಕ್ಯ ಸೇರಿಸೋಕೆ ಇಂಟರ್‌ನೆಟ್ಟೂ ಬೇಡ.

ಮರೆಯೋ ಮುಂಚೆ ಒಂದು ಮಾತು. ಸಿಕ್ಕಿದ ಒಳ್ಳೇ ಸಾಮಗ್ರಿನ ಇಳಿಸಿಟ್ಕೊಳ್ಳಿ. ಹಳೇ ಗ್ರಾಮರ್ ಗೇಮ್‌ಗಳು ಎಷ್ಟೋ ಫ್ಲ್ಯಾಶ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಾಡಿದ್ವು, 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ನಿಲ್ಲಿಸಿದಾಗ ಒಂದೇ ಏಟಿಗೆ ಸತ್ತುಹೋದ್ವು, ನಾನು ವರ್ಷಗಟ್ಟಲೆ ಕೂಡಿಟ್ಟಿದ್ದ ಲಿಂಕುಗಳಲ್ಲಿ ಅರ್ಧ ಖಾಲಿ ಡಬ್ಬಿ ಆಗಿತ್ತು. ಪಿಡಿಎಫ್ ಮಾಡಿ ಇಟ್ಕೊಂಡ ವರ್ಕ್‌ಶೀಟ್ ಇವತ್ತಿಗೂ ಇದೆ. ಇಳಿಸ್ಕೊಂಡು ಹಂಚೋ ಮುಂಚೆ ಲೈಸೆನ್ಸ್ ನೋಡಿ, ಕ್ರಿಯೇಟಿವ್ ಕಾಮನ್ಸ್ ಅಂತ ಇದ್ರೆ ಅದರ ಷರತ್ತಿನೊಳಗೆ ಹಂಚ್ಬಹುದು.

ಇನ್ನೊಂದು ಜಾಗ ಇದೆ, ಅದನ್ನ ಯಾರೂ ಕಲಿಕೆಯ ಸಾಮಗ್ರಿ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಗೂಗಲ್ ಡಾಕ್ಸ್‌ನಲ್ಲಿ ವರ್ಷನ್ ಹಿಸ್ಟರಿ ಅಂತ ಇದೆ. ಮಗು ಯಾವಾಗ ಏನು ಬರೀತು, ಏನು ಅಳಿಸ್ತು ಅಂತ ಹಿಂದೆ ಹಿಂದೆ ಹೋಗಿ ನೋಡ್ಬಹುದು. ಕಾಪಿ ಹೊಡೆದಿದ್ದಾರಾ ಅಂತ ಹಿಡಿಯೋಕೆ ಬಳಸ್ತಾರೆ ಜಾಸ್ತಿ, ಒಂದೇ ಸಲಕ್ಕೆ ನಾಲ್ಕು ಪ್ಯಾರಾ ಬಂದು ಬಿದ್ದಿದ್ರೆ ಗೊತ್ತಾಗುತ್ತೆ ಅಂತ. ನಾನು ಮಗುನ ಪಕ್ಕ ಕೂರಿಸ್ಕೊಂಡು ನೋಡ್ತೀನಿ. ಮೊದಲು ಹೇಳಿದ್ನಲ್ಲ ಆ ಹುಡುಗಿ, ಅವಳದೇ ಇನ್ನೊಂದು ಪ್ರಬಂಧ, ಮೂರು ತಿಂಗಳಾದ್ಮೇಲಿಂದು. ಮೊದಲ ಸಾಲು ನಾಲ್ಕು ಸಲ ಬದಲಾಗಿತ್ತು. ಎರಡನೇ ಸಲ ‘ಟೆಲ್’ ಇದ್ದಿದ್ದು ‘ಟೆಲ್ಸ್’ ಆಗಿತ್ತು, ಟೂಲ್ ಆನ್ ಮಾಡೋಕೆ ಮುಂಚೆನೇ. ನಾಲ್ಕನೇ ಸಲ ಆ ವಾಕ್ಯನೇ ಇರ್ಲಿಲ್ಲ. "ಎಸ್ ಹಾಕಿದ್ಯಲ್ಲೇ, ಆಮೇಲೆ ಯಾಕೆ ಅಳಿಸ್ದೆ?" ಅಂದೆ. "ಅಜ್ಜಿ ಕತೆ ಹೇಳ್ತಾರೆ ಅಂತ ಎಲ್ಲರೂ ಬರೀತಾರೆ ಮಿಸ್, ನಮ್ಮಜ್ಜಿ ಹೇಳೋ ಕತೆನೇ ಬರೆದೆ" ಅಂದ್ಲು.